ನೆನಪಿಟ್ಟುಕೊಳ್ಳುವ ಪರದೆ

ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಮೊಬೈಲ್ ಫೋನಿನ ಪರದೆಯನ್ನು ನೋಡಿ. ಅಕ್ಷರಗಳು ಸರಿಯಾಗಿ ಕಾಣುವುದಿಲ್ಲ. ಅದೇ ಬಿಸಿಲಿನಲ್ಲಿ ನಿಮ್ಮ ಪಠ್ಯಪುಸ್ತಕ ತೆರೆದರೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಕಾರಣವೇನು? ಫೋನಿನ ಪರದೆ ತನ್ನದೇ ಬೆಳಕನ್ನು ಹೊರಸೂಸುತ್ತದೆ. ಸೂರ್ಯನ ಬೆಳಕಿನ ಮುಂದೆ ಅದು ಮಂಕಾಗಿಬಿಡುತ್ತದೆ. ಪುಸ್ತಕದ ಹಾಳೆಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನೇ ಅದು ಪ್ರತಿಫಲಿಸುತ್ತದೆ.

ಕಾಗದದಂತೆ ಬೆಳಕನ್ನು ಪ್ರತಿಫಲಿಸುವ, ಆದರೆ ಬೇಕೆಂದಾಗ ಅಳಿಸಿ ಬೇರೆ ಪುಟವನ್ನು ಮೂಡಿಸಬಲ್ಲ ಪರದೆಯೊಂದಿದೆ. ಅದೇ ಎಲೆಕ್ಟ್ರಾನಿಕ್ ಕಾಗದ. ಇ-ಪುಸ್ತಕ ಓದುವ ಸಾಧನಗಳಲ್ಲಿ ಇದನ್ನು ಬಳಸುತ್ತಾರೆ. ಇದರ ಒಂದು ಗುಣ ಬಹಳ ವಿಶೇಷವಾದದ್ದು. ಪುಟ ಮೂಡಿದ ಮೇಲೆ ಬ್ಯಾಟರಿಯನ್ನು ತೆಗೆದರೂ ಅಕ್ಷರಗಳು ಹಾಗೆಯೇ ಉಳಿಯುತ್ತವೆ! ಈ ನೆನಪೇ ಅದರ ಬಲ. ಅದರ ತೊಡಕೂ ಅದೇ. ಹೇಗೆಂದು ನೋಡೋಣ.

ಹುಟ್ಟಿದ ಬಗೆ

1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ನಿಕ್ ಶೆರಿಡನ್ ಎಂಬ ವಿಜ್ಞಾನಿ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಪುಟ್ಟ ಮಣಿಗಳನ್ನು ವಿದ್ಯುತ್ತಿನಿಂದ ತಿರುಗಿಸಿ ಚಿತ್ರ ಮೂಡಿಸುವ ವಿಧಾನವನ್ನು ರೂಪಿಸಿದರು. 1990ರ ದಶಕದಲ್ಲಿ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ಜೇಕಬ್‌ಸನ್ ಮತ್ತು ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕೊಮಿಸ್ಕಿ, ಜೆ.ಡಿ. ಆಲ್ಬರ್ಟ್ ಬೇರೊಂದು ದಾರಿ ಹಿಡಿದರು. ಅವರು ವಿದ್ಯುತ್ತಿಗೆ ಸ್ಪಂದಿಸುವ ಶಾಯಿಯನ್ನೇ ತಯಾರಿಸಿದರು. 1997ರಲ್ಲಿ 'ಇ ಇಂಕ್' ಎಂಬ ಕಂಪನಿ ಆರಂಭವಾಯಿತು. ಈ ಶಾಯಿಯ ಪರದೆಯುಳ್ಳ ಓದುವ ಸಾಧನವನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು. 2007ರಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಬಂದಿತು.

ಶಾಯಿಯ ಒಳಗೇನಿದೆ?

ಈ ಶಾಯಿಯಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಗುಳಿಗೆಗಳಿರುತ್ತವೆ. ಒಂದೊಂದೂ ಸುಮಾರು ತಲೆಗೂದಲಿನ ದಪ್ಪದಷ್ಟು ಅಗಲ. ಗುಳಿಗೆಯೊಳಗೆ ತಿಳಿಯಾದ ದ್ರವ. ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಗೋಡೆಯ ಬಿಳಿ ಪೇಂಟಿನಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡ್‌ನಿಂದಲೇ ಇಲ್ಲಿನ ಬಿಳಿ ಕಣಗಳನ್ನೂ ತಯಾರಿಸುತ್ತಾರೆ. ಬಿಳಿ ಕಣಗಳಿಗೆ ಧನ ಆವೇಶ, ಕಪ್ಪು ಕಣಗಳಿಗೆ ಋಣ ಆವೇಶ ಇರುತ್ತದೆ.

ಸಜಾತಿ ಆವೇಶಗಳು ವಿಕರ್ಷಿಸುತ್ತವೆ, ವಿಜಾತಿ ಆವೇಶಗಳು ಆಕರ್ಷಿಸುತ್ತವೆ ಎಂದು ನಿಮಗೆ ಗೊತ್ತಲ್ಲವೆ? ಗುಳಿಗೆಗಳ ಪದರದ ಮೇಲೆ ಪಾರದರ್ಶಕವಾದ ಒಂದು ವಿದ್ಯುದಗ್ರ ಇರುತ್ತದೆ. ಪದರದ ಕೆಳಗೆ ಒಂದೊಂದು ಚುಕ್ಕೆಗೆ ಒಂದೊಂದು ಪುಟ್ಟ ವಿದ್ಯುದಗ್ರ ಇರುತ್ತದೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಕೆಳಗಿನ ವಿದ್ಯುದಗ್ರ ಧನವಾದರೆ ಬಿಳಿ ಕಣಗಳು ಮೇಲಕ್ಕೆ ಸರಿಯುತ್ತವೆ. ಚುಕ್ಕೆ ಬೆಳ್ಳಗೆ ಕಾಣುತ್ತದೆ. ಅದು ಋಣವಾದರೆ ಕಪ್ಪು ಕಣಗಳು ಮೇಲೆ ಬರುತ್ತವೆ. ವಿದ್ಯುತ್ತನ್ನು ನಿಲ್ಲಿಸಿದರೆ ಕಣಗಳು ಇದ್ದಲ್ಲೇ ನಿಲ್ಲುತ್ತವೆ.

ಇಷ್ಟೊಂದು ಚುಕ್ಕೆಗಳಿಗೆ ಎಷ್ಟು ತಂತಿ?

2007ರ ಕಿಂಡಲ್‌ನಲ್ಲಿ 800 ಅಡ್ಡಸಾಲು, 600 ಉದ್ದಸಾಲುಗಳಿದ್ದವು. ಅಂದರೆ 800 × 600 = 4,80,000 ಪಿಕ್ಸೆಲ್‌ಗಳು! ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆಯಲು ಸಾಧ್ಯವೆ? ಅದಕ್ಕೊಂದು ಉಪಾಯವಿದೆ. ಪ್ರತಿ ಅಡ್ಡಸಾಲಿಗೆ ಒಂದು, ಪ್ರತಿ ಉದ್ದಸಾಲಿಗೆ ಒಂದು ತಂತಿ ಸಾಕು. ಆಗ 800 + 600 = 1,400 ತಂತಿಗಳಲ್ಲೇ ಕೆಲಸ ಮುಗಿಯುತ್ತದೆ.

ಎರಡು ತಂತಿಗಳು ದಾಟುವ ಕಡೆಯಲ್ಲೆಲ್ಲ ಒಂದು ಟ್ರಾನ್ಸಿಸ್ಟರ್ ಇದೆ. ಅದು ಕಾಲುವೆಯ ತೂಬಿನಂತೆ. ಅಡ್ಡಸಾಲಿನ ತಂತಿಗೆ ಸಂಕೇತ ಬಂದಾಗ ಆ ಸಾಲಿನ ತೂಬುಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ಆಗ ಉದ್ದಸಾಲಿನ ತಂತಿಗಳು ಪ್ರತಿ ಪಿಕ್ಸೆಲ್‌ಗೂ ಬೇಕಾದ ವಿದ್ಯುತ್ತನ್ನು ಕೊಡುತ್ತವೆ. ತೂಬು ಮುಚ್ಚಿದ ಮೇಲೆ ಆ ಆವೇಶ ಒಂದು ಪುಟ್ಟ ಧಾರಕದಲ್ಲಿ ಉಳಿದು, ಕಣಗಳನ್ನು ತಳ್ಳುತ್ತಲೇ ಇರುತ್ತದೆ. ನಂತರ ಮುಂದಿನ ಸಾಲಿನ ಸರದಿ. ಹೀಗೆ ಇಡೀ ಪರದೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಸುತ್ತಿ ಬರಬೇಕು.

ಬೂದು ಬಣ್ಣ ಬರುವುದು ಹೇಗೆ?

ಕಪ್ಪು, ಬಿಳಿ ಸರಿ. ಚಿತ್ರಗಳಿಗೆ ಬೇಕಾದ ಬೂದು ಬಣ್ಣ ಎಲ್ಲಿಂದ ಬರಬೇಕು? ಇಲ್ಲಿ ನಿಯಂತ್ರಕಕ್ಕೆ ಸಾಮಾನ್ಯವಾಗಿ ಮೂರೇ ಆಯ್ಕೆಗಳು: +15 ವೋಲ್ಟ್, -15 ವೋಲ್ಟ್ ಅಥವಾ 0. ಅಂದರೆ ಮೇಲಕ್ಕೆ ತಳ್ಳು, ಕೆಳಕ್ಕೆ ತಳ್ಳು, ಸುಮ್ಮನಿರು. ಕಣಗಳು ಪೂರ್ತಿ ಸರಿಯಲು ಇಂತಹ ಹಲವು ತಳ್ಳುಗಳು ಬೇಕು. ಅರ್ಧದಲ್ಲೇ ನಿಲ್ಲಿಸಿದರೆ ಬೂದು ಬಣ್ಣ! ಎಷ್ಟು ಹೊತ್ತು ತಳ್ಳಬೇಕೆಂಬ ಲೆಕ್ಕದಲ್ಲೇ ಗುಟ್ಟಿದೆ. ಮೊದಲ ಕಿಂಡಲ್ 4 ಛಾಯೆಗಳನ್ನು ತೋರಿಸುತ್ತಿತ್ತು. ಮುಂದೆ 16 ಛಾಯೆಗಳ ಪರದೆಗಳು ಬಂದವು.

ತೊಡಕು ಇರುವುದೂ ಇಲ್ಲಿಯೇ. ಹಿಂದಿನ ಪುಟದಲ್ಲಿ ಬಿಳಿಯಾಗಿದ್ದ ಚುಕ್ಕೆಯನ್ನು ಬೂದು ಮಾಡಲು ಒಂದು ರೀತಿಯ ತಳ್ಳು ಬೇಕು. ಕಪ್ಪಾಗಿದ್ದರೆ ಅದಕ್ಕೆ ವಿರುದ್ಧವಾದ ತಳ್ಳು ಬೇಕು. ಆದ್ದರಿಂದ ನಿಯಂತ್ರಕವು ಹೊಸ ಪುಟವನ್ನಷ್ಟೇ ಅಲ್ಲ, ಹಳೆಯ ಪುಟವನ್ನೂ ತಿಳಿದಿರಬೇಕು. 'ಈ ಛಾಯೆಯಿಂದ ಆ ಛಾಯೆಗೆ ಹೋಗಲು ಇಷ್ಟು ತಳ್ಳುಗಳು' ಎಂಬ ಕೋಷ್ಟಕ ಅದರ ಬಳಿ ಇರುತ್ತದೆ. ನಮ್ಮ ಮಗ್ಗಿ ಪುಸ್ತಕದಂತೆ! ಚಳಿಯಲ್ಲಿ ಜೋನಿಬೆಲ್ಲ ನಿಧಾನವಾಗಿ ಹರಿಯುವುದನ್ನು ಕಂಡಿದ್ದೀರಾ? ಗುಳಿಗೆಯೊಳಗಿನ ದ್ರವವೂ ತಂಪಾದಾಗ ಮಂದವಾಗುತ್ತದೆ. ಆಗ ಹೆಚ್ಚು ಹೊತ್ತು ತಳ್ಳಬೇಕು. ಅದಕ್ಕಾಗಿ ಉಷ್ಣತೆಗೆ ತಕ್ಕಂತೆ ಬೇರೆ ಬೇರೆ ಕೋಷ್ಟಕಗಳಿರುತ್ತವೆ.

ಹಳೆಯ ಪುಟದ ನೆರಳು

ಸರಿಯಾಗಿ ಒರೆಸದ ಸ್ಲೇಟಿನಲ್ಲಿ ಹಳೆಯ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಕಣಗಳು ಪೂರ್ತಿ ಸರಿಯದಿದ್ದರೆ ಈ ಪರದೆಯಲ್ಲೂ ಹಾಗೆಯೇ ಆಗುತ್ತದೆ. ಅದನ್ನು ಅಳಿಸಲು ಇಡೀ ಪರದೆಯನ್ನು ಒಮ್ಮೆ ಕಪ್ಪು, ಒಮ್ಮೆ ಬಿಳಿ ಮಾಡಿ ಹೊಸ ಪುಟ ಮೂಡಿಸುತ್ತಾರೆ. ಪುಟ ತಿರುಗಿಸುವಾಗ ಪರದೆ ಮಿನುಗುವುದು ಇದರಿಂದಲೇ. ಇನ್ನೊಂದು ನಿಯಮವೂ ಇದೆ. ಒಂದೇ ದಿಕ್ಕಿಗೆ ತಳ್ಳುತ್ತಲೇ ಇದ್ದರೆ ಪರದೆ ಕೆಡುತ್ತದೆ. ಆದ್ದರಿಂದ ಎರಡೂ ದಿಕ್ಕಿನ ತಳ್ಳುಗಳನ್ನು ಸರಿದೂಗಿಸಬೇಕು.

ಕಣಗಳು ದ್ರವದಲ್ಲಿ ಚಲಿಸಬೇಕಾದ್ದರಿಂದ ಈ ಪರದೆ ನಿಧಾನ. ಸಿನಿಮಾ ನೋಡಲು ಇದು ಅಷ್ಟು ಸೂಕ್ತವಲ್ಲ. ಆದರೆ ಪುಟ ಬದಲಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು. ಹೀಗಾಗಿ ಒಮ್ಮೆ ಚಾರ್ಜ್ ಮಾಡಿದ ಓದುವ ಸಾಧನ ಹಲವು ದಿನ ನಡೆಯುತ್ತದೆ. ಕೆಲವು ದೊಡ್ಡ ಅಂಗಡಿಗಳಲ್ಲಿ ಬೆಲೆಯ ಚೀಟಿಗಳಿಗೂ ಇದನ್ನೇ ಬಳಸುತ್ತಾರೆ.

ಮಾಡಿ ನೋಡಿ

ಚೌಕುಳಿ ಹಾಳೆಯಲ್ಲಿ 7 × 7 ಚೌಕಗಳನ್ನು ಗುರುತಿಸಿ. ನೀವು ಒಂದೊಂದೇ ಸಾಲನ್ನು ಓದಿ ಹೇಳಿ, ನಿಮ್ಮ ಗೆಳೆಯ ಅಥವಾ ಗೆಳತಿ ತುಂಬಲಿ. 1 ಎಂದರೆ ಕಪ್ಪು, 0 ಎಂದರೆ ಬಿಳಿ.

0 0 0 1 0 0 0
0 0 1 1 1 0 0
0 1 1 1 1 1 0
1 1 1 1 1 1 1
0 1 1 1 1 1 0
0 1 1 0 1 1 0
0 1 1 0 1 1 0

ಯಾವ ಚಿತ್ರ ಮೂಡಿತು? ಈಗ ನೀವೇ ಒಂದು ಕನ್ನಡ ಅಕ್ಷರಕ್ಕೆ ಇಂತಹ ಸಾಲುಗಳನ್ನು ಬರೆದು, ತರಗತಿಯಲ್ಲಿ ಓದಿ ಹೇಳಿ.