ಏಳನೆಯ ತಂತಿಯ ನೋವು

ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಎಣ್ಣೆಬಾವಿಗಳ, ಹೊಲತೋಟಗಳ ಊರು. ಬಕ್ ಓವೆನ್ಸ್, ಮರ್ಲ್ ಹ್ಯಾಗರ್ಡ್ ಅವರ ಕಂಟ್ರಿ ಹಾಡುಗಳಿಗೆ ಹೆಸರಾದದ್ದು. ಅದೇ ಊರಿನ ಯುವಕರು 1993ರಲ್ಲಿ ಕಟ್ಟಿದ ‘ಕಾರ್ನ್’ ತಂಡದ ಸದ್ದೇ ಬೇರೆ.

ಸಾಮಾನ್ಯ ಗಿಟಾರಿಗೆ ಆರು ತಂತಿ. ಇವರದು ಏಳು ತಂತಿಯದು. ಅದರ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ಲಿನ ಹೆಮ್ಮೆಯಾದ ವೇಗದ ಒಂಟಿವಾದನ ಹಿಂದೆ ಸರಿದು, ಹಿಪ್‌ಹಾಪ್‌ನ ಲಯ ಮುಂದೆ ಬಂತು. ‘ನೂ ಮೆಟಲ್’ ಎಂದು ಆಮೇಲೆ ಹೆಸರಾದ ಪ್ರಕಾರ ರೂಪುಗೊಂಡದ್ದು ಹೀಗೆ.

ಗಾಯಕ ಜೊನಾಥನ್ ಡೇವಿಸ್ ಮೊದಲು ಶವಪರೀಕ್ಷೆಯ ಕಚೇರಿಯಲ್ಲಿ ದುಡಿದವರು. ಬಾಲ್ಯದಲ್ಲಿ ತಮ್ಮ ಮೇಲೆ ನಡೆದ ದೌರ್ಜನ್ಯವನ್ನು, ಹೇಳಿದರೂ ಹಿರಿಯರು ನಂಬದೇ ಹೋದದ್ದನ್ನು 1994ರ ಮೊದಲ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ತೋಡಿಕೊಂಡರು. ಹಾಡುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ನಿರ್ಮಾಪಕ ರಾಸ್ ರಾಬಿನ್ಸನ್ ಧ್ವನಿಮುದ್ರಣ ನಿಲ್ಲಿಸಲಿಲ್ಲ. ಅಳು ಆಲ್ಬಮ್ಮಿನಲ್ಲಿಯೇ ಉಳಿಯಿತು.

1998ರ ‘ಫಾಲೋ ದ ಲೀಡರ್’ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಗೆಲುವಿನ ಬೆನ್ನಿಗೇ ಮಾದಕವ್ಯಸನ. ಅದನ್ನು ಬಿಡಲೆಂದು ಗಿಟಾರ್‌ವಾದಕ ಬ್ರಯಾನ್ ವೆಲ್ಚ್ 2005ರಲ್ಲಿ ತಂಡವನ್ನೇ ತೊರೆದರು, 2013ರಲ್ಲಿ ಮರಳಿದರು.

ಆ ಕೊನೆಯ ಹಾಡನ್ನು ಡೇವಿಸ್ ಬಹುಕಾಲ ವೇದಿಕೆಯಲ್ಲಿ ಹಾಡಲಿಲ್ಲ. ಆಲ್ಬಮ್ಮಿಗೆ ಇಪ್ಪತ್ತು ವರ್ಷ ತುಂಬಿದ ನೆನಪಿನ ಕಛೇರಿಗಳಲ್ಲಿ ಹಾಡಿದರು. ಬಾಲ್ಯದಲ್ಲಿ ಯಾರೂ ನಂಬದ ಮಾತನ್ನು ಆಗ ಸಾವಿರಾರು ಜನ ನಿಂತು ಕೇಳಿದರು.