ಸಾಕ್ಷಿಗಳಿದ್ದೂ ವಿಚಾರಣೆಯಿಲ್ಲ

ವಿಮಾನವು ಎಷ್ಟು ವೇಗದಿಂದ ಹೋಗುತ್ತಿದೆ, ರೆಕ್ಕೆಗೆ ಗಾಳಿಯು ಯಾವ ಕೋನದಿಂದ ತಾಗುತ್ತಿದೆ ಎಂಬುದನ್ನು ಚಾಲಕನು ಕಣ್ಣಿನಿಂದ ಕಂಡು ತಿಳಿಯಲಾರನು. ಒಡಲಿನ ಹೊರಮೈಯಲ್ಲಿರುವ ಮಾಪಕಗಳು ಹೇಳಿದುದೇ ಅವನಿಗೆ ಪ್ರಮಾಣ. ಅವುಗಳೋ ಹಿಮ ಕಟ್ಟಿ, ನೀರು ಹೊಕ್ಕು, ಹಕ್ಕಿ ಬಡಿದು ಕೆಡತಕ್ಕವು. ಆದಕಾರಣ ಒಂದೇ ಕಾರ್ಯಕ್ಕೆ ಎರಡು ಮೂರು ಮಾಪಕಗಳನ್ನಿಡುವ ಪದ್ಧತಿಯುಂಟು. ಇಬ್ಬರು ಸಾಕ್ಷಿಗಳು ಬೇರೆ ಬೇರೆ ನುಡಿದರೆ ಒಬ್ಬನಾದರೂ ತಪ್ಪು ನುಡಿಯುತ್ತಿರುವನೆಂದಷ್ಟೇ ಗೊತ್ತಾಗುವುದು. ಮೂವರಿದ್ದರೆ, ಉಳಿದಿಬ್ಬರಿಗೆ ಭಿನ್ನವಾಗಿ ನುಡಿದವನನ್ನು ಗಣಕಯಂತ್ರವು ಹೊರಗೆ ಹಾಕುವುದು.

ಬೋಯಿಂಗ್ ಸಂಸ್ಥೆಯವರು ಈ ನ್ಯಾಯವನ್ನು ಅರಿಯದವರಲ್ಲ. ಆದರೂ ಅವರ ೭೩೭ ಮ್ಯಾಕ್ಸ್ ವಿಮಾನದಲ್ಲಿ ಕೋನಮಾಪಕಗಳು ಎರಡಿದ್ದು, ಕೋನವು ಅತಿಯಾಯಿತೆಂದು ಕಂಡಾಗ ಮೂತಿಯನ್ನು ತಾನಾಗಿ ತಗ್ಗಿಸುವ ಎಂಕ್ಯಾಸ್ ಎಂಬ ಏರ್ಪಾಡು ಪ್ರತಿ ಪ್ರಯಾಣದಲ್ಲಿಯೂ ಅವುಗಳಲ್ಲೊಂದರ ಮಾತನ್ನು ಮಾತ್ರ ಕೇಳುತ್ತಿತ್ತು. ಎದುರಿಗೇ ನಿಂತಿದ್ದ ಎರಡನೆಯ ಸಾಕ್ಷಿಯನ್ನು ಯಾರೂ ಕರೆಯಲಿಲ್ಲ! ೨೦೧೮ನೆಯ ಅಕ್ಟೋಬರ್ ೨೯ರಂದು ಇಂಡೊನೇಷ್ಯಾದ ಲಯನ್ ಏರ್ ವಿಮಾನದ ಎಡ ಮಾಪಕವು ಸುಮಾರು ೨೧ ಡಿಗ್ರಿ ಹೆಚ್ಚಾಗಿ ತೋರಿಸಿತು. ಚಾಲಕರು ಎತ್ತಿದಂತೆಲ್ಲ ಯಂತ್ರವು ಮೂತಿಯನ್ನು ತಗ್ಗಿಸುತ್ತ ಹೋಗಿ, ವಿಮಾನವು ಸಮುದ್ರಕ್ಕೆ ಬಿದ್ದು ೧೮೯ ಜನರು ಮಡಿದರು. ೨೦೧೯ನೆಯ ಮಾರ್ಚ್ ೧೦ರಂದು ಇಥಿಯೋಪಿಯಾದಲ್ಲಿ ಇದೇ ರೀತಿ ೧೫೭ ಜನರು ಹೋದರು. ಮಾಪಕಗಳೆರಡಕ್ಕೂ ಭೇದ ಬಂದಾಗ ಚಾಲಕನನ್ನು ಎಚ್ಚರಿಸುವ ಸೂಚನೆಯೊಂದು ಎಲ್ಲ ಮ್ಯಾಕ್ಸ್ ವಿಮಾನಗಳಲ್ಲಿಯೂ ಇರತಕ್ಕದ್ದಾಗಿತ್ತು. ಕೋನದರ್ಶಕವನ್ನು ಬೇರೆಯಾಗಿ ಕೇಳಿ ಹಾಕಿಸಿಕೊಂಡವರಲ್ಲಿ ಮಾತ್ರ ಅದು ಕೆಲಸ ಮಾಡುತ್ತಿತ್ತು. ೨೦೧೭ರಲ್ಲಿಯೇ ಈ ಲೋಪವನ್ನು ಕಂಡ ಸಂಸ್ಥೆಯು ತಿದ್ದುಪಡಿಯನ್ನು ಮುಂದಕ್ಕೆ ಹಾಕಿತು. ಇದನ್ನೂ ಯಂತ್ರದ ಹಣೆಗೇ ಕಟ್ಟೋಣವೆ? ೨೦೨೦ನೆಯ ನವೆಂಬರಿನಲ್ಲಿ ಅಮೆರಿಕದ ಅಧಿಕಾರಿಗಳು ಮರಳಿ ಹಾರಲು ಅಪ್ಪಣೆಯಿತ್ತುದು, ಎರಡು ಮಾಪಕಗಳಲ್ಲಿ ೫.೫ ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಎಂಕ್ಯಾಸ್ ಸುಮ್ಮನಿರುವಂತೆ ಮಾಡಿದ ಮೇಲೆಯೇ.

ಹಾಗೆಂದು ಮೂರಿದ್ದರೆ ನಿಶ್ಚಿಂತೆಯೆನ್ನುವಂತಿಲ್ಲ. ೨೦೦೮ನೆಯ ನವೆಂಬರ್ ೨೭ರಂದು ಫ್ರಾನ್ಸಿನ ಪರ್ಪಿನ್ಯಾ ಊರಿನ ಬಳಿ ಕಡಲಿಗೆ ಬಿದ್ದ ಏರ್‌ಬಸ್ ಎ೩೨೦ ವಿಮಾನಕ್ಕೆ ಕೋನಮಾಪಕಗಳು ಮೂರಿದ್ದವು. ಮೂರು ದಿನ ಮೊದಲು ಅವುಗಳಿಗೆ ಮುಸುಕು ಹಾಕದೆ ವಿಮಾನವನ್ನು ತೊಳೆದಾಗ ಎರಡರೊಳಗೆ ನೀರು ಹೊಕ್ಕಿತು. ಮೇಲೆ ಏರಿದಾಗ ಅದು ಹೆಪ್ಪುಗಟ್ಟಿ ಎರಡೂ ಒಂದೇ ಕೋನದಲ್ಲಿ ನಿಂತುಬಿಟ್ಟವು. ಸುಳ್ಳು ನುಡಿದವರಿಬ್ಬರಲ್ಲಿ ಏಕವಾಕ್ಯತೆಯಿದ್ದುದರಿಂದ ನಿಜ ನುಡಿದ ಮೂರನೆಯದನ್ನೇ ಯಂತ್ರವು ತಳ್ಳಿಹಾಕಿತು. ಆ ಮೇಲೆ ವೇಗವನ್ನು ತಗ್ಗಿಸಿ ರಕ್ಷಣೆಯ ಏರ್ಪಾಡನ್ನು ಪರೀಕ್ಷಿಸಹೋದಾಗ, ಅದರೊಳಗಿದ್ದ ೭ ಜನರೂ ಪ್ರಾಣ ಬಿಟ್ಟರು.

ಮ್ಯಾಕ್ಸ್ ವಿಚಾರದಲ್ಲಿ ಯೂರೋಪಿನ ಅಧಿಕಾರಿಗಳು ಕೇಳಿದುದು ಅದೇ ಜಾತಿಯ ಇನ್ನೊಂದು ಮಾಪಕವನ್ನಲ್ಲ. ವಿಮಾನದ ಬೇರೆ ಅಂಕಿಗಳಿಂದ ಗಾಳಿಯ ಕೋನವನ್ನು ಲೆಕ್ಕಮಾಡಿ ತೆಗೆದು, ಅದನ್ನು ಮೂರನೆಯ ಸಾಕ್ಷಿಯಾಗಿ ನಿಲ್ಲಿಸಬೇಕೆಂದರು. ಹೊರಮೈಯಲ್ಲಿ ಕೋನಮಾಪಕಗಳನ್ನು ಕಟ್ಟಿಹಾಕಿದ ನೀರು ಆ ಲೆಕ್ಕವನ್ನು ಕಟ್ಟಿಹಾಕಲಾರದು.