ಗೋಡೆಯ ಚಿತ್ತಾರ: ಬರೆದದ್ದು, ಕೆತ್ತಿದ್ದು, ಅಂಟಿಸಿದ್ದು

ಶಿರಸಿ ಪೇಟೆಯಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಮೊದಲು ಕೇಳಿಸಿಕೊಳ್ಳುವ ಮಾತು, ಗೋಡೆಗೆ ಮೊಳೆ ಹೊಡೆಯಬೇಡಿ ಎಂಬುದು. ಬಣ್ಣ ಬದಲಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಮಗುವಿನ ಕೋಣೆಗೆ ನಾಲ್ಕು ಹಕ್ಕಿ ಬೇಕು, ಹೊರಕೋಣೆಯ ಬೋಳು ಗೋಡೆಗೆ ಒಂದು ಮರ ಬೇಕು ಎನ್ನಿಸಿದವರು ಈಗ ವಿನೈಲ್ ಸ್ಟಿಕರ್ ತರಿಸುತ್ತಾರೆ. ಆನ್‌ಲೈನ್‌ನಲ್ಲಿ ಹೇಳಿದರೆ ಸುರುಳಿ ಸುತ್ತಿದ ಹಾಳೆ ಕೊರಿಯರ್‌ನಲ್ಲಿ ಬರುತ್ತದೆ. ಬೈಕಿನ ಹೆಸರು, ಅಂಗಡಿಯ ಬೋರ್ಡು ಮಾಡಿಕೊಡುವ ರೇಡಿಯಂ ಕಟಿಂಗ್ ಅಂಗಡಿಗೆ ಚಿತ್ರ ಕೊಟ್ಟರೆ ನಮ್ಮ ಗೋಡೆಯ ಅಳತೆಗೇ ಕತ್ತರಿಸಿ ಕೊಡುತ್ತಾರೆ. ಸರಿಯಾದ ಹಾಳೆ ಆರಿಸಿದ್ದರೆ, ಮನೆ ಬಿಡುವ ದಿನ ಕಿತ್ತು ತೆಗೆದಾಗ ಗೋಡೆ ಮೊದಲಿದ್ದಂತೆ ಇರುತ್ತದೆ.

ಕೆಲ ಕಾಲ ಇದ್ದು ಹೋಗುವ ಗೋಡೆಚಿತ್ರ ಘಟ್ಟದ ಮೇಲಿನ ಈ ಸೀಮೆಗೆ ಹೊಸತಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಣ್ಣಿನ ಮನೆಗಳಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ತಲೆತಲಾಂತರದಿಂದ ನಡೆದುಬಂದ ಕೆಲಸ. ಸ್ಟಿಕರ್ ಕೊಳ್ಳುವ ಮೊದಲು ಆ ಗೋಡೆಗಳನ್ನು ಒಮ್ಮೆ ನೋಡಿ ಬರಬೇಕೆಂದು ನನ್ನ ಆಸೆ.

ಮೊದಲು ಸಿದ್ದಾಪುರದ ಕಡೆ. ಇಲ್ಲಿಯ, ಶಿರಸಿಯ, ಜಿಲ್ಲೆಯ ಗಡಿ ದಾಟಿದರೆ ಸಾಗರ ಮತ್ತು ಸೊರಬದ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಚಿತ್ರಕ್ಕೆ ಚಿತ್ತಾರ ಎಂದೇ ಹೆಸರು. ಗೋಡೆಗೆ ಕೆಮ್ಮಣ್ಣು ಸಾರಿಸಿ, ಆ ಕೆಂಪಿನ ಮೇಲೆ ಬಿಳಿ ಗೆರೆ ಎಳೆಯುತ್ತಾರೆ. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಸಿ ನುಣ್ಣಗೆ ಅರೆಯುತ್ತಾರೆ. ಕಪ್ಪಿಗೂ ಅಕ್ಕಿಯೇ, ಅದನ್ನು ಕರಿಕಾಗುವವರೆಗೆ ಹುರಿದು ಅರೆದರೆ ಆಯಿತು. ಹಳದಿಗೆ ಕಾಡಿನ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಗದ್ದೆ, ಕಾಡು ಮತ್ತು ಅಡುಗೆಮನೆ ಮೂರರಿಂದಲೇ ಇಡೀ ಸಾಮಗ್ರಿ ಹೊಂದಿಕೊಳ್ಳುತ್ತದೆ. ದುಡ್ಡು ಕೊಟ್ಟು ತರುವ ವಸ್ತು ಒಂದೂ ಇಲ್ಲ.

ಚಿತ್ತಾರದ ಜೀವ ಇರುವುದು ಗೆರೆಯಲ್ಲಿ. ನೆನೆದ ನಾರು ಗೋಡೆಯ ಮೇಲೆ ಸಾಗುವಾಗ ಕೈ ನಡುಗುವಂತಿಲ್ಲ. ಪಕ್ಕಪಕ್ಕದಲ್ಲಿ ಓಡುವ ಎಳೆಗಳು, ಅವುಗಳ ನಡುವಿನ ಸಣ್ಣ ಚೌಕಗಳು, ಒಂದರೊಳಗೊಂದು ಕೂತ ತ್ರಿಕೋನಗಳು, ಇವು ಸೇರಿ ಹಸೆಗೋಡೆಯ ಚಿತ್ತಾರವಾಗುತ್ತದೆ. ಮದುವೆಮನೆಯಲ್ಲಿ ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆ ಅದು. ನಡುವೆ ಮದುಮಕ್ಕಳ ಗೊಂಬೆ, ಸುತ್ತ ದಂಡಿಗೆ, ಬಾಸಿಂಗ, ತೋರಣ, ಭತ್ತದ ಸಸಿ, ಹಕ್ಕಿ. ಮನೆಯ ಹಿರಿಯ ಹೆಂಗಸರು ಹಾಡು ಹೇಳುತ್ತ ಬರೆಯುತ್ತಾರೆ, ಕಿರಿಯರು ಪಕ್ಕದಲ್ಲಿ ಕೂತು ಮೂಲೆಯ ಸಣ್ಣ ಕೆಲಸ ತುಂಬುತ್ತಾರೆ. ಕಲಿಯುವುದು ಹಾಗೆಯೇ. ಚಿತ್ರದ ಕೆಳಗೆ ಬರೆದವರ ಹೆಸರಿರುವುದಿಲ್ಲ. ಆದರೂ ಯಾವ ಮನೆಯ ಹಸೆ ಯಾರ ಕೈಯದು ಎಂಬುದು ಊರಿಗೆಲ್ಲ ಗೊತ್ತು.

ಮಳೆಗಾಲದ ತೇವಕ್ಕೆ ಮಣ್ಣಿನ ಗೋಡೆ ಮಸುಕಾಗುತ್ತದೆ. ಮತ್ತೆ ಕೆಮ್ಮಣ್ಣು ಸಾರಿಸಿದರೆ ಹಳೆಯ ಚಿತ್ತಾರ ಅದರ ಅಡಿಗೆ ಹೋಗುತ್ತದೆ. ಅದಕ್ಕಾಗಿ ಯಾರೂ ಮರುಗಿದವರಲ್ಲ. ಮುಂದಿನ ಮದುವೆಗೆ, ಮುಂದಿನ ಹಬ್ಬಕ್ಕೆ ಬರೆಯುವ ಕೈ ಮನೆಯಲ್ಲಿ ಇದ್ದೇ ಇರುತ್ತದೆಂಬ ಧೈರ್ಯವಿತ್ತು. ಗೋಡೆಯ ಚಿತ್ರ ಹೋದರೂ ಕೈಯ ವಿದ್ಯೆ ಉಳಿಯುತ್ತಿತ್ತು, ಏಕೆಂದರೆ ಗೋಡೆ ಮತ್ತೆ ಮತ್ತೆ ಕೇಳುತ್ತಿತ್ತು. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಅದೇ ಕೈ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಆಡುತ್ತದೆ. ಆಶ್ವಯುಜದ ಹುಣ್ಣಿಮೆಯಂದು ತೆನೆ ಕಟ್ಟುತ್ತಿರುವ ಗದ್ದೆಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಪೈರನ್ನು ಬಸುರಿ ಹೆಣ್ಣೆಂದೇ ನಡೆಸಿಕೊಳ್ಳುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ದಸರೆ ಕಳೆದ ದಿನಗಳಲ್ಲಿ ಹಗಲಿಷ್ಟು ರಾತ್ರಿಯಿಷ್ಟು ಕೂತು ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹತ್ತಾರು ಸೊಪ್ಪು ಬೇಯಿಸಿ ಕಲಸಿದ ಹಚ್ಚಂಬಲಿಯನ್ನು ಅದರಲ್ಲಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಬೀರುತ್ತಾರೆ. ಸಿಮೆಂಟ್ ಗೋಡೆ ಬಂದ ಮನೆಗಳಲ್ಲೂ ಚಿತ್ತಾರ ತನ್ನ ಕಾಲ ಮೇಲೆ ನಿಂತಿರುವುದು ಬಹುಮಟ್ಟಿಗೆ ಈ ಬುಟ್ಟಿಯಿಂದ.

ಹವ್ಯಕರ ಮನೆಗಳಲ್ಲಿ ದೊಡ್ಡಹಬ್ಬ, ಅಂದರೆ ದೀಪಾವಳಿ, ಬಂತೆಂದರೆ ಶೇಡಿ ಮತ್ತು ಕೆಮ್ಮಣ್ಣು ಹೊರಬರುತ್ತವೆ. ಶೇಡಿ ಬಿಳಿ ಮಣ್ಣು. ನೀರಲ್ಲಿ ಕದಡಿ ತುಳಸಿಕಟ್ಟೆ, ಮೆಟ್ಟಿಲು, ಕೊಟ್ಟಿಗೆಯ ಗೋಡೆಗಳಿಗೆ ಬರೆಯುತ್ತಾರೆ. ಮುಂದಿನ ಮಳೆಗಾಲ ಅದನ್ನು ತೊಳೆದುಕೊಂಡು ಹೋಗುತ್ತದೆ.

ಉಳಿಯಲೆಂದೇ ಮಾಡಿದ ಗೋಡೆ ಯಾವುದು ಎಂದು ಕೇಳಿದರೆ ಶಿರಸಿಯ ಮಾರಿಕಾಂಬೆಯ ಗುಡಿಯನ್ನು ತೋರಿಸಬೇಕು. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ಲಕ್ಷಾಂತರ ಮಂದಿಯಲ್ಲಿ ಬಹಳ ಜನ ದೇವಿಯನ್ನು ನೋಡಿ ಗೋಡೆಯನ್ನು ನೋಡದೇ ಹೋಗುತ್ತಾರೆ. ಇಲ್ಲಿರುವುದು ಕಾವಿ ಕಲೆ. ಕರಾವಳಿಯಲ್ಲಿ, ಗೋವೆಯಲ್ಲಿ ಹಬ್ಬಿದ್ದ ಈ ವಿದ್ಯೆ ಘಟ್ಟ ಹತ್ತಿ ಶಿರಸಿಗೂ ಬಂತು. ಸುಣ್ಣದ ಗಾರೆ ಬಳಿದು, ಅದರ ಮೇಲೆ ಕಾವಿ ಬಣ್ಣದ ತೆಳು ಪದರ ಹಚ್ಚಿ, ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳಿ ಕಾಣುತ್ತದೆ, ಬಿಟ್ಟಲ್ಲಿ ಕೆಂಪು ನಿಲ್ಲುತ್ತದೆ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಊರೂರು ಅಲೆದು ಈ ಚಿತ್ರಗಳ ಫೋಟೋ ತೆಗೆದು, ದಾಖಲಿಸಿ ಪುಸ್ತಕ ಬರೆಯದೇ ಇದ್ದರೆ ನಮ್ಮಲ್ಲಿ ಅನೇಕರಿಗೆ ಇದರ ಹೆಸರೂ ತಿಳಿಯುತ್ತಿರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗುಡಿಗಳ ಕಾವಿ ಗೋಡೆಗಳ ಮೇಲೆ ಎಣ್ಣೆ ಬಣ್ಣ ಬಿದ್ದಿದೆ, ಟೈಲ್ಸ್ ಕೂತಿದೆ. ಅಕ್ಕಿಹಿಟ್ಟಿನ ಚಿತ್ತಾರವನ್ನು ಇನ್ನೊಮ್ಮೆ ಬರೆಯಬಹುದು. ಕಾವಿ ಗೋಡೆ ಒಮ್ಮೆ ಹೋದರೆ ಹೋಯಿತು.

ರೇಡಿಯಂ ಅಂಗಡಿಯ ಕೆಲಸವನ್ನು ಹತ್ತಿರ ನಿಂತು ನೋಡಿದಾಗ ನನಗೆ ನೆನಪಾದದ್ದು ಈ ಕಾವಿಯೇ. ವಿನೈಲ್ ಹಾಳೆಗೆ ಮೂರು ಪದರ: ಮೇಲೆ ಬಣ್ಣದ ತೆಳು ಪ್ಲಾಸ್ಟಿಕ್, ನಡುವೆ ಅಂಟು, ಕೆಳಗೆ ಮೇಣದಂತೆ ಜಾರುವ ಕಾಗದ. ಕಂಪ್ಯೂಟರಿನಲ್ಲಿ ಬಿಡಿಸಿದ ಗೆರೆಯ ಗುಂಟ ಪ್ಲಾಟರ್ ಯಂತ್ರದ ಪುಟ್ಟ ಅಲಗು ಮೇಲಿನ ಪದರವನ್ನಷ್ಟೇ ಕತ್ತರಿಸುತ್ತದೆ, ಅಡಿಯ ಕಾಗದಕ್ಕೆ ಗಾಯವಾಗುವುದಿಲ್ಲ. ಆಮೇಲೆ ಹುಡುಗರು ಚಿಮಟ ಹಿಡಿದು ಬೇಡದ ಭಾಗವನ್ನೆಲ್ಲ ಎತ್ತಿ ತೆಗೆಯುತ್ತಾರೆ. ಬೇಡದ್ದನ್ನು ತೆಗೆದಾಗ ಚಿತ್ರ ಕಾಣುವುದು ಎರಡರಲ್ಲೂ ಒಂದೇ. ಉಳಿದ ಚಿತ್ರದ ಮೇಲೆ ಅಂಟುಕಾಗದ ಹಾಕಿ ಒಟ್ಟಿಗೆ ಎತ್ತಿ ಗೋಡೆಗೆ ಸಾಗಿಸುತ್ತಾರೆ. ಎಲೆಯ ತೊಟ್ಟು, ಹಕ್ಕಿಯ ಕಾಲು ಮುಂತಾದ ಸಪೂರ ಭಾಗಗಳು ಹರಿಯದಂತೆ ಬಿಡಿಸಲು ಕಣ್ಣೂ ಬೇಕು, ತಾಳ್ಮೆಯೂ ಬೇಕು. ಇದನ್ನು ಯಂತ್ರದ ಕೆಲಸ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಈ ಹಾಳೆಯ ಹಿಂದಿನ ಕತೆ ಅಷ್ಟೇನೂ ಹಳೆಯದಲ್ಲ. ವಿನೈಲ್ ಎಂದು ಕರೆಯುವ ಪಿವಿಸಿ ಪ್ಲಾಸ್ಟಿಕ್ಕನ್ನು ಬಾಗುವಂತೆ ಮೆತ್ತಗೆ ಮಾಡುವ ದಾರಿಯನ್ನು ಅಮೆರಿಕದ ವಾಲ್ಡೋ ಸೆಮನ್ 1926ರಲ್ಲಿ ಕಂಡುಕೊಂಡರು. ತಾನೇ ಅಂಟುವ ಚೀಟಿಯನ್ನು ಸ್ಟಾಂಟನ್ ಏವರಿ 1935ರಲ್ಲಿ ಮಾರುಕಟ್ಟೆಗೆ ತಂದರು. ಕಂಪ್ಯೂಟರ್ ಹೇಳಿದಂತೆ ವಿನೈಲ್ ಕತ್ತರಿಸುವ ಯಂತ್ರ ಬಂದದ್ದು 1980ರ ದಶಕದಲ್ಲಿ.

ಕೊಳ್ಳುವವರು ತಿಳಿಯಬೇಕಾದ ಮುಖ್ಯ ಸಂಗತಿ ಅಂಟಿನದು. ವಾಹನಕ್ಕೆ, ಬೋರ್ಡಿಗೆ ಬಳಸುವ ಮಿರುಗುವ ಹಾಳೆಯ ಅಂಟು ಬಿಡದೇ ಕೂರಲೆಂದೇ ಮಾಡಿದ್ದು. ಅದನ್ನು ಗೋಡೆಗೆ ಹಾಕಿ ಕಿತ್ತರೆ ಬಣ್ಣ ಪದರ ಪದರವಾಗಿ ಎದ್ದುಬರುತ್ತದೆ. ಗೋಡೆಗೆ ಬೇಕಾದದ್ದು ಹೊಳಪಿಲ್ಲದ, ಕೀಳಲು ಬರುವ ಅಂಟಿನ ಹಾಳೆ. ಜರ್ಮನಿಯ ಒರಾಫೋಲ್ ಕಂಪನಿಯ ಹಾಳೆಗಳಲ್ಲಿ 651 ಎಂಬುದು ಮೊದಲ ಜಾತಿಯದು, 631 ಎಂಬುದು ಎರಡನೆಯದು. ಈ 631ರ ದಪ್ಪ 80 ಮೈಕ್ರಾನ್. ಅಂಗಡಿಯಲ್ಲಿ ಬರೀ ಸ್ಟಿಕರ್ ಎಂದರೆ ಮೊದಲನೆಯದೇ ಕೈಗೆ ಬರುವ ಸಂಭವ ಹೆಚ್ಚು, ಆದ್ದರಿಂದ ಗೋಡೆಗೆ ಎಂದು ಬಾಯಿಬಿಟ್ಟು ಹೇಳಬೇಕು.

ನಮ್ಮ ಮಳೆ ಇನ್ನೊಂದು ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿರೇಕಲ್ಲಿನ ಗೋಡೆ ಒಳಗಿನಿಂದ ನೀರು ಹೀರಿಕೊಂಡಿರುತ್ತದೆ. ತೇವದ ಗೋಡೆಯ ಮೇಲೆ ವಿನೈಲ್ ಅಂಟಿಸಿದರೆ ಅಂಚು ಏಳುತ್ತದೆ, ಹಾಳೆಯ ಹಿಂದೆ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಅಂಟಿಸುವುದು ಒಳ್ಳೆಯದು. ಸುಣ್ಣ ಬಳಿದ ಗೋಡೆಗೆ, ಮುಟ್ಟಿದರೆ ಕೈಗೆ ಪುಡಿ ಹತ್ತುವ ಡಿಸ್ಟೆಂಪರ್‌ಗೆ ಇದು ಹಿಡಿಯುವುದೇ ಇಲ್ಲ. ಎಮಲ್ಷನ್ ಬಣ್ಣ ಹೊಸತಾಗಿದ್ದರೆ ಮೂರು ನಾಲ್ಕು ವಾರ ಬಿಡಬೇಕು. ಕಪಾಟಿನ ಹಿಂದೆ, ಕಾಣದ ಕಡೆ ಒಂದು ಚೂರು ಅಂಟಿಸಿ ಎರಡು ದಿನ ನೋಡಿದರೆ ಗೋಡೆ ಒಪ್ಪುತ್ತದೋ ಇಲ್ಲವೋ ತಿಳಿಯುತ್ತದೆ. ಕೀಳುವಾಗ ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದು, ಹಾಳೆಯನ್ನು ಗೋಡೆಗೆ ಒರಗಿಸಿಕೊಂಡೇ ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ನೇರ ಮುಂದಕ್ಕೆ ಜಗ್ಗಿದರೆ ಬಣ್ಣವೂ ಬರುತ್ತದೆ.

ಏನನ್ನು ಅಂಟಿಸುವುದು ಎಂಬ ಪ್ರಶ್ನೆಗೆ ಬಂದರೆ ನನ್ನ ಮನಸ್ಸು ಬಿಸಿಯಾಗುತ್ತದೆ. ಸಿದ್ಧವಾಗಿ ಬರುವ ಹಾಳೆಗಳಲ್ಲಿ ಪ್ಯಾರಿಸ್ಸಿನ ಗೋಪುರ ಇದೆ, ಚೆರಿ ಹೂವಿನ ಕೊಂಬೆ ಇದೆ, ಮಹಾರಾಷ್ಟ್ರದ ವಾರ್ಲಿಯೂ ಇದೆ. ಚಿತ್ತಾರ ಹುಟ್ಟಿದ ಊರಿನಲ್ಲೇ ಚಿತ್ತಾರ ಸುಲಭಕ್ಕೆ ಸಿಗುವುದಿಲ್ಲ. ನೇರ ಗೆರೆ, ಚೌಕ, ತ್ರಿಕೋನಗಳ ಈ ಕಲೆ ಪ್ಲಾಟರ್‌ನ ಅಲಗಿಗೆ ಚೆನ್ನಾಗಿಯೇ ಒಗ್ಗುತ್ತದೆ. ಕೆಮ್ಮಣ್ಣಿನ ಬಣ್ಣ ಬಳಿದ ಒಂದು ಗೋಡೆ, ಅದರ ಮೇಲೆ ಬಿಳಿ ಹಾಳೆಯ ಎಳೆಗಳು: ಎರಡನೇ ಮಹಡಿಯ ಫ್ಲಾಟಿನಲ್ಲೂ ಇದು ಸಾಧ್ಯ. ಆದರೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಫೋಟೋ ಕೊಟ್ಟು ಕತ್ತರಿಸಿಕೊಂಡರೆ ಅದು ಕದ್ದಂತೆಯೇ. ಬರೆಯುವ ಹೆಂಗಸರು ಸಿದ್ದಾಪುರದ ಹಳ್ಳಿಗಳಲ್ಲಿ ಇದ್ದಾರೆ. ಅವರಿಂದ ಕಾಗದದ ಮೇಲೆ ಬರೆಸಿ, ಕೆಲಸಕ್ಕೆ ತಕ್ಕ ಹಣ ಕೊಟ್ಟು, ಆ ಗೆರೆಯನ್ನು ಕತ್ತರಿಸಲು ಕೊಡಬೇಕು. ಸಾಗರದ ಹತ್ತಿರದ ಸಿರಿವಂತೆಯಲ್ಲಿ ಚಂದ್ರಶೇಖರ ದಂಪತಿ ‘ಚಿತ್ರಸಿರಿ’ಯ ಮೂಲಕ ಚಿತ್ತಾರವನ್ನು ಬಟ್ಟೆಗೆ, ಕಾಗದಕ್ಕೆ, ಬುಟ್ಟಿಗೆ ತಂದು ಮಾರುವ ದಾರಿ ತೋರಿಸಿದ್ದಾರೆ. ಗೀತಾ ಭಟ್ ಮತ್ತು ಸಂಗಡಿಗರ ‘ದೀವರ ಚಿತ್ತಾರ’ ಎಂಬ ಇಂಗ್ಲಿಷ್ ಪುಸ್ತಕ ಒಂದೊಂದು ಮಾದರಿಯ ಹೆಸರನ್ನೂ ಅದರ ಹಿಂದಿನ ಬದುಕನ್ನೂ ಹೇಳುತ್ತದೆ.

ಹಸೆಗೋಡೆಯ ಮದುಮಕ್ಕಳ ಗೊಂಬೆಯನ್ನು ಮಾತ್ರ ಸ್ಟಿಕರ್ ಮಾಡಬಾರದೆಂದು ನನ್ನ ಅಭಿಪ್ರಾಯ. ಅದು ಒಂದು ಮನೆಯ ಒಂದು ಮದುವೆಗೆ ಸೇರಿದ್ದು. ಛತ್ರದಲ್ಲಿ ಮದುವೆ ಮಾಡುವವರು ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಹಸೆ ಬರೆಸುವುದುಂಟು. ಅದು ಸರಿಯಾದ ದಾರಿ, ಏಕೆಂದರೆ ಅಲ್ಲಿ ಹಲಗೆ ಬದಲಾಗಿದೆಯೇ ಹೊರತು ಬರೆಯುವ ಕೈ ಬದಲಾಗಿಲ್ಲ. ಒಮ್ಮೆ ಕತ್ತರಿಸಿದ ಫೈಲಿನಿಂದ ಸಾವಿರ ಪ್ರತಿ ತೆಗೆಯಬಹುದು, ಆದರೆ ಆ ಫೈಲು ಹೊಸ ಹುಡುಗಿಯೊಬ್ಬಳಿಗೆ ನಾರು ಹಿಡಿಯಲು ಕಲಿಸುವುದಿಲ್ಲ.

ಪ್ಲಾಸ್ಟಿಕ್ಕೇ ಬೇಡವೆನ್ನುವವರು ಯಲ್ಲಾಪುರದ ದಾರಿ ಹಿಡಿಯಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನ ಸಿದ್ದಿ ಹೆಂಗಸರು ಹಳೆಯ ಸೀರೆಯ ಮೇಲೆ ಬಟ್ಟೆಯ ತುಂಡುಗಳನ್ನು ಇಟ್ಟು ಕವದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೆ ಬಟ್ಟೆಯ ಮುಮ್ಮೂಲೆ ಹೂವು ಇಡದಿದ್ದರೆ ಕವದಿ ಬರಿಮೈಯಲ್ಲಿ ಇದ್ದಂತೆ ಎಂಬುದು ಅವರ ಎಣಿಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕವದಿಗಳ ಕುರಿತು ಬರೆದು, ಹೊರದೇಶಗಳಲ್ಲಿ ಪ್ರದರ್ಶಿಸಿದ ಮೇಲೆ ಅವು ಹಾಸಿಗೆಯಿಂದ ಎದ್ದು ಗೋಡೆಗೂ ಏರಿವೆ. ಕೋಲಿಗೆ ಪೋಣಿಸಿ ಪರದೆಯ ಕೊಕ್ಕೆಗೆ ತೂಗಿದರೆ ಹೊಸ ಮೊಳೆ ಬೇಕಿಲ್ಲ. ಚಳಿಗೆ ಇಳಿಸಿಕೊಂಡು ಹೊದೆಯಲೂಬಹುದು.

ವಿನೈಲನ್ನೇ ಆರಿಸಿಕೊಂಡವರು ಕಿತ್ತ ಹಾಳೆಯನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ಅಂಟಿಸುವ ದಿನವೇ ಯೋಚಿಸಬೇಕು. ಹಳೆಯ ಅಕ್ಕಿಹಿಟ್ಟು ಮಣ್ಣಿಗೆ ಸೇರುತ್ತಿತ್ತು, ಇದು ಸೇರುವುದಿಲ್ಲ. ನಮ್ಮ ಮನೆಗಳಲ್ಲಿ ಕಸಕಡ್ಡಿ ಕಾಗದವೆಲ್ಲ ಹೋಗುವುದು ಬಚ್ಚಲ ಒಲೆಗೆ. ವಿನೈಲ್ ಅಲ್ಲಿಗೆ ಹೋಗಲೇಬಾರದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉರಿ ತರಿಸುವ ಅನಿಲ ಏಳುತ್ತದೆ, ಸ್ನಾನಕ್ಕೆ ನೀರು ಕಾಯಿಸುವವರ ಕಣ್ಣು, ಗಂಟಲು, ಎದೆಗೆ ಅದು ನೇರ ಹೊಡೆಯುತ್ತದೆ. ಕಿತ್ತ ಹಾಳೆಯನ್ನು ಅಂಟು ಒಳಗಾಗುವಂತೆ ಮಡಚಿ, ಒಣಕಸದ ಚೀಲಕ್ಕೆ ಹಾಕಿ ನಗರಸಭೆಯ ಗಾಡಿಗೆ ಕೊಡಿ.